ಅಳುವೇ ಬರುವುದಿಲ್ಲ, ಇದೂ ಡಿಪ್ರೆಷನ್ನಾ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು 39. ಎರಡು ವರ್ಷದ ಹಿಂದೆ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಕಾರ್ಖಾನೆಯಿಂದ ಕಬ್ಬಿನ ದುಡ್ಡು ತಡವಾಯಿತು. ಸಂಘದ ಸಾಲ, ಕೈಸಾಲ ಎರಡೂ ಸೇರಿ ಮನೆ ಬಾಗಿಲಿಗೆ ಜನ ಬಂದು ನಿಲ್ಲುವ ಹಾಗಾಯಿತು. ಅದೇ ಹೊತ್ತಿಗೆ ಮಾವ ಹಾಸಿಗೆ ಹಿಡಿದರು. ಎಂಟು ತಿಂಗಳು ನಾನೇ ನೋಡಿಕೊಂಡೆ, ತೀರಿಹೋದರು. ಅಷ್ಟೂ ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಲ್ಲರೂ 'ಗಟ್ಟಿಗಿತ್ತಿ ಕಣಮ್ಮ' ಅಂದರು. ಈಗ ಸಾಲ ಮುಕ್ಕಾಲು ತೀರಿದೆ. ಆದರೆ ಐದು ತಿಂಗಳಿಂದ ನನಗೆ ಏನೂ ಅನಿಸುತ್ತಿಲ್ಲ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಳು, ಊರಿಗೆಲ್ಲ ಸಿಹಿ ಹಂಚಿದೆ, ಒಳಗೆ ಮಾತ್ರ ಖಾಲಿ. ಮೊದಲು ಮದುವೆ ಮನೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದೆ, ಈಗ ಕರೆದರೂ ಹೋಗುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಹಳೆಯದೆಲ್ಲ ತಿರುಗಿ ತಿರುಗಿ ಬರುತ್ತದೆ. ಮೈಕೈ ನೋವು, ಹೊಟ್ಟೆ ಉರಿ ಅಂತ ಹೋದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ನಮ್ಮ ನಾದಿನಿ 'ಇದು ಡಿಪ್ರೆಷನ್' ಅನ್ನುತ್ತಾಳೆ. ಡಿಪ್ರೆಷನ್ ಅಂದರೆ ದುಃಖ, ಅಳು ಅಲ್ವಾ? ನನಗೆ ಅಳುವೇ ಬರುವುದಿಲ್ಲ. ಕಷ್ಟದಲ್ಲಿ ಚೆನ್ನಾಗಿದ್ದವಳು ಕಷ್ಟ ಕಳೆದ ಮೇಲೆ ಹೀಗೇಕಾದೆ? ಒಂದೊಂದು ದಿನ, ಮಲಗಿದವಳು ಏಳದಿದ್ದರೆ ಸಾಕು ಅನಿಸುತ್ತದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಉಳಿದದ್ದೆಲ್ಲ ಆಮೇಲೆ.

'ಏಳದಿದ್ದರೆ ಸಾಕು' ಅಂತ ಬರೆದಿದ್ದೀರಿ. ಅದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಈ ಯೋಚನೆ ಎಷ್ಟೋ ಜನಕ್ಕೆ ಬರುತ್ತದೆ, ಬಂದವರು ಹೊರಗೆ ಹೇಳುವುದಿಲ್ಲ. ನೀವು ಹೇಳಿದಿರಿ. ಇನ್ನು ಇದೇ ಮಾತನ್ನು ಇವತ್ತೇ ನಿಮ್ಮ ಯಜಮಾನರಿಗೋ ನಾದಿನಿಗೋ ಹೇಳಿ. ಸುತ್ತಿ ಬಳಸಿ ಬೇಡ, ಇದೇ ಪದಗಳಲ್ಲಿ ಹೇಳಿ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅದನ್ನು ಮನೆಯಿಂದ ಆಚೆ ಸಾಗಿಸಲು ಅವರಿಗೇ ಹೇಳಿ. ಬೇರೆ ಕಡೆ ಬೀಗ ಹಾಕಿಡಲಿ, ಕೀಲಿ ನಿಮ್ಮ ಕೈಗೆ ಸಿಗುವುದು ಬೇಡ. ಇದು ನಿಮ್ಮ ಮೇಲಿನ ಅಪನಂಬಿಕೆಯಲ್ಲ. ಸಾಯುವ ಯೋಚನೆ ಜೋರಾಗಿ ಬರುವ ಗಳಿಗೆ ಸಾಮಾನ್ಯವಾಗಿ ಬಂದು ಹೋಗುವಂಥದ್ದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಗಿನ ಜಾವ ಮೂರು ಗಂಟೆಗೂ ಎತ್ತುತ್ತಾರೆ. 'ಏಳದಿದ್ದರೆ ಸಾಕು' ಅನ್ನುವುದು 'ಹೀಗೆ ಮಾಡಿಕೊಳ್ಳೋಣ' ಅನ್ನುವ ಕಡೆಗೆ ತಿರುಗಿದರೆ ಒಂದು ನಿಮಿಷವೂ ಒಬ್ಬರೇ ಇರಬೇಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಯಾರನ್ನಾದರೂ ಕರೆದುಕೊಂಡು ನೇರವಾಗಿ ಹೋಗಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ಪತ್ರ ಓದಿ ಕಾಯಿಲೆಗೆ ಹೆಸರಿಡಲು ಆಗುವುದಿಲ್ಲ, ಎದುರಿಗೆ ಕೂತು ನೋಡಬೇಕು. ಆದರೆ ನಿಮ್ಮ ನಾದಿನಿ ಹೇಳಿದ್ದು ಸರಿಯಿದೆ ಅಂತಲೇ ನನಗೆ ಅನಿಸುತ್ತದೆ. ಡಿಪ್ರೆಷನ್ ಅನ್ನಲು ಅಳು ಬರಲೇಬೇಕು ಅಂತ ಎಲ್ಲೂ ಇಲ್ಲ. ವೈದ್ಯರು ಮೊದಲು ನೋಡುವ ಲಕ್ಷಣ ಎರಡು. ಒಂದು, ಹೆಚ್ಚು ಕಡಿಮೆ ದಿನವಿಡೀ ಮನಸ್ಸು ಕುಗ್ಗಿರುವುದು. ಇನ್ನೊಂದು, ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಸಂತೋಷ ಹುಟ್ಟದಿರುವುದು. ಎರಡರಲ್ಲಿ ಒಂದಿದ್ದರೂ ಸಾಕು. ಅದರ ಜೊತೆಗೆ ನಿದ್ದೆ, ಹಸಿವು, ಸುಸ್ತು, ಗಮನ ನಿಲ್ಲದಿರುವುದು, 'ನಾನು ಯಾತಕ್ಕೂ ಬಾರದವಳು' ಅನ್ನುವ ಭಾವ, ಸಾವಿನ ಯೋಚನೆ, ಇಂಥವು ಕೆಲವು ಸೇರಿ ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಚಿಕಿತ್ಸೆ ಬೇಕು ಅಂತ ಅರ್ಥ. ನಿಮಗೆ ಐದು ತಿಂಗಳಾಗಿದೆ. ಮಗಳ ಅಂಕ, ಸೋಬಾನೆ ಪದ, ಬೆಳಗಿನ ಜಾವದ ಎಚ್ಚರ. ನೀವೇ ಬರೆದುಕೊಟ್ಟಿದ್ದೀರಿ.

'ಏನೂ ಅನಿಸುತ್ತಿಲ್ಲ' ಅನ್ನುವುದನ್ನು ಜನ ಅರ್ಥ ಮಾಡಿಕೊಳ್ಳುವುದಿಲ್ಲ. ಆ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಡಿಪ್ರೆಷನ್ ಅಂದರೆ ದುಃಖ ಜಾಸ್ತಿಯಾಗಿ ಕಟ್ಟೆ ಒಡೆಯುವುದು ಅಂತ ನಾವು ಅಂದುಕೊಳ್ಳುತ್ತೇವೆ. ಓದುವಾಗ ನಾನೂ ಹಾಗೇ ತಿಳಿದಿದ್ದೆ. ಆದರೆ ಜೊನಾಥನ್ ರಾಟನ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು ಡಿಪ್ರೆಷನ್ ಇರುವವರಿಗೂ ಇಲ್ಲದವರಿಗೂ ಅಳಿಸುವ, ನಗಿಸುವ ಚಿತ್ರದ ತುಣುಕುಗಳನ್ನು ತೋರಿಸಿ ನೋಡಿದರು. ಡಿಪ್ರೆಷನ್ ಇದ್ದವರು ನಗಿಸುವುದಕ್ಕೂ ಕಡಿಮೆ ಸ್ಪಂದಿಸಿದರು, ಅಳಿಸುವುದಕ್ಕೂ ಕಡಿಮೆ ಸ್ಪಂದಿಸಿದರು. ಮುಂದೆ ಬೇರೆಯವರು ಮಾಡಿದ ಅಧ್ಯಯನಗಳಲ್ಲೂ ಇದೇ ಕಂಡಿತು. ಎದುರಿಗೆ ಏನು ನಡೆದರೂ ಒಳಗೆ ಅಲುಗಾಟವೇ ಕಡಿಮೆ.

ಬೆಲ್ಜಿಯಂನ ಪೀಟರ್ ಕುಪ್ಪೆನ್ಸ್ ಇನ್ನೊಂದು ಕಡೆಯಿಂದ ಇದನ್ನೇ ನೋಡಿದರು. ಒಂದು ಹೊತ್ತಿನ ಮನಸ್ಥಿತಿ ಮುಂದಿನ ಹೊತ್ತಿಗೆ ಎಷ್ಟು ಬದಲಾಗುತ್ತದೆ ಅಂತ ಅಳೆದರು. ಬೆಳಿಗ್ಗೆ ಯಜಮಾನರ ಜೊತೆ ಮಾತಿಗೆ ಮಾತು ಬೆಳೆದು ಸಿಟ್ಟಾಗಿರುತ್ತೀರಿ. ಹನ್ನೊಂದಕ್ಕೆ ಹುಲ್ಲಿನ ಹೊರೆ ಹೊತ್ತು ಬರುವಾಗ ಪಕ್ಕದ ಮನೆಯವಳ ಮಾತಿಗೆ ನಕ್ಕುಬಿಡುತ್ತೀರಿ. ಸಂಜೆಗೆ ಬೆಳಗಿನ ಸಿಟ್ಟು ನೆನಪೂ ಇರುವುದಿಲ್ಲ. ಭಾವನೆ ಇರಬೇಕಾದದ್ದು ಹಾಗೆ. ಬಂದು, ತನ್ನ ಕೆಲಸ ಮಾಡಿ, ಹೋಗಬೇಕು. ಡಿಪ್ರೆಷನ್ ಇರುವವರಲ್ಲಿ ಬೆಳಗಿನದು ಸಂಜೆಗೂ ಅಲ್ಲೇ ಕೂತಿರುತ್ತದೆ. ನಾಳೆಗೂ ಕೂತಿರುತ್ತದೆ.

ಅದಕ್ಕೇ ನನ್ನ ಹತ್ತಿರ ಬಂದವರಿಗೆ 'ಎಷ್ಟು ದುಃಖ ಆಗುತ್ತದೆ' ಅನ್ನುವುದಕ್ಕಿಂತ ಮೊದಲು 'ಬಂದದ್ದು ಹೋಗುತ್ತದಾ' ಅಂತ ಕೇಳುತ್ತೇನೆ. ಜೋರಾಗಿ ಅತ್ತು ಅರ್ಧ ಗಂಟೆಗೆ ಎದ್ದು ಕಾಫಿ ಕಾಸುವವರ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಅಳದೆ, ನಗದೆ, 'ಒಂಥರಾ ಇದೆ' ಅನ್ನುವವರ ಬಗ್ಗೆ ಭಯ.

ಈ 'ಒಂಥರಾ' ಅನ್ನುವ ಪದ ನಮ್ಮ ಕಡೆ ಎಷ್ಟು ಓಡಾಡುತ್ತದೆ ನೋಡಿ. ಹಲವು ವರ್ಷದ ಹಿಂದೆ ಮೈಸೂರಿನಲ್ಲಿ ನನ್ನ ಹತ್ತಿರ ಒಬ್ಬರು ಬರುತ್ತಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ಐವತ್ತರ ಹತ್ತಿರದ ಹೆಂಗಸು, ಹೂ ಕಟ್ಟಿ ಮಾರುವವರು. ಮಾತಾಡುವಾಗಲೂ ಬೆರಳು ಸುಮ್ಮನಿರುತ್ತಿರಲಿಲ್ಲ. ಸೆರಗಿನ ಅಂಚನ್ನೇ ದಾರದ ಹಾಗೆ ಸುತ್ತಿ, ಗಂಟು ಹಾಕಿ, ಬಿಚ್ಚುತ್ತಿದ್ದರು. ಏನು ಕೇಳಿದರೂ 'ಒಂಥರಾ ಆಯ್ತದೆ', ಇಲ್ಲವಾದರೆ 'ಬೇಜಾರು'. ಮೂರನೇ ಸಲ ಬಂದಾಗ ಇಬ್ಬರೂ ಕೂತು ಒಂದು ದಿನವನ್ನು ತುಂಡು ತುಂಡು ಮಾಡಿ ನೋಡಿದೆವು. ಬೆಳಿಗ್ಗೆ ಫೋನ್ ಬಡಿದುಕೊಂಡಾಗ ಆಗುವ ಬೇಜಾರು ಎಲ್ಲಿ ಆಗುತ್ತದೆ ಅಂತ ಕೇಳಿದೆ. ಎದೆ ಮುಟ್ಟಿ ತೋರಿಸಿದರು. ಅದು ದಿಗಿಲು, ಸಾಲದವರ ಫೋನು ಅಂತ. ಮಧ್ಯಾಹ್ನ ಮೈದುನ ಬಂದು ಕೂತಾಗ ಆಗುವ ಬೇಜಾರು? ಹಲ್ಲು ಬಿಗಿ ಹಿಡಿದರು. ಅದು ಸಿಟ್ಟು. ರಾತ್ರಿಯದು? ತುಂಬಾ ಹೊತ್ತು ಸುಮ್ಮನಿದ್ದು 'ಅವ್ವ ಇದ್ದಿದ್ರೆ' ಅಂದರು. ಅದು ಹಂಬಲ. ಒಂದೇ 'ಬೇಜಾರು' ಅಂದುಕೊಂಡಿದ್ದು ಮೂರು ಬೇರೆ ಬೇರೆ ಆಗಿತ್ತು. ದಿಗಿಲಿಗೆ ಮಾಡಬೇಕಾದ ಕೆಲಸ ಬೇರೆ, ಸಿಟ್ಟಿಗೆ ಬೇರೆ, ಹಂಬಲಕ್ಕೆ ಬೇರೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಹೊರಲೂ ಆಗುವುದಿಲ್ಲ, ಇಳಿಸಲೂ ಆಗುವುದಿಲ್ಲ.

ಇದು ನನ್ನೊಬ್ಬಳ ಅನುಭವವಲ್ಲ. ಡಿಪ್ರೆಷನ್ ಇರುವವರಿಗೆ ತಮ್ಮ ಕೆಟ್ಟ ಭಾವನೆಗಳನ್ನು ಒಂದರಿಂದ ಒಂದು ಬೇರೆ ಮಾಡಿ ಹೇಳುವುದು ಕಷ್ಟ ಅಂತ 2012ರಲ್ಲಿ ಬಂದ ಒಂದು ಅಧ್ಯಯನವೂ ತೋರಿಸಿತು. ನಮ್ಮ ಭಾಷೆಯಲ್ಲಿ ಪದಕ್ಕೇನೂ ಬರವಿಲ್ಲ. ದಿಗಿಲು, ಕಳವಳ, ತಳಮಳ, ಸಂಕಟ, ಉಮ್ಮಳ, ಹಳಹಳಿ, ಮುಜುಗರ, ಪೇಚಾಟ, ಅವಮಾನ, ಕೊರಗು. ನಿಮ್ಮ ಅಜ್ಜಿಗೆ ಇವೆಲ್ಲ ಬಾಯಲ್ಲೇ ಇದ್ದಿರುತ್ತವೆ. ನೀವು ಸೋಬಾನೆ ಹಾಡುವವರು, ಹೆಣ್ಣು ಒಪ್ಪಿಸಿಕೊಡುವ ಪದ ಹೇಳುವಾಗ ಮನೆಯವರಿಗೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ಗ್ಯಾಸ್ಟ್ರಿಕ್ ಮಾತ್ರೆಯ ವಿಷಯವೂ ಇಲ್ಲೇ ಬರುತ್ತದೆ. ಹೊಟ್ಟೆ ಉರಿ, ಎದೆ ಭಾರ, ಕರುಳು ಕಿತ್ತು ಬಂದ ಹಾಗೆ, ಇವೆಲ್ಲ ನಾವು ಮನಸ್ಸಿನ ನೋವಿಗೆ ಮೊದಲಿಂದ ಹೇಳುವ ಮಾತುಗಳೇ ಅಲ್ವಾ? ಮನಸ್ಸಿಗೆ ಆದದ್ದು ಮೈಯಲ್ಲಿ ಕಾಣಿಸುವುದು ನಾಟಕವಲ್ಲ. ನಿಮ್ಮ ಮೈಕೈ ನೋವು ನಿಜವಾದ ನೋವು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ಕಲಿಸಲು ಶುರು ಮಾಡಿ 100 ವರ್ಷ ಆಗಿಹೋಯಿತು. ಇಷ್ಟು ಹಳೆಯ ವಿದ್ಯೆ ಅದು ನಮ್ಮಲ್ಲಿ. ಆದರೂ ಐವತ್ತು ಅರವತ್ತು ಕಿಲೋಮೀಟರ್ ದೂರದ ಹಳ್ಳಿಯ ಹೆಂಗಸಿಗೆ ಐದು ತಿಂಗಳು ಬರೀ ಹೊಟ್ಟೆಯ ಮಾತ್ರೆ ಸಿಗುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು 'ಗಟ್ಟಿಗಿತ್ತಿ' ಅನ್ನುವ ಮಾತು.

ಅಳು ತಡೆದಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಬಾಗಿಲಲ್ಲಿ ಸಾಲದವರು ನಿಂತಾಗ, ಮಾವನಿಗೆ ಗಂಜಿ ಕುಡಿಸಬೇಕಾದಾಗ, ಅಳುತ್ತಾ ಕೂತರೆ ನಡೆಯುತ್ತಿರಲಿಲ್ಲ. ಆ ಹೊತ್ತಿಗೆ ಅದು ಸರಿಯಾದ ದಾರಿಯೇ. ತೊಂದರೆ ಆಗುವುದು ಹಿಡಿದದ್ದನ್ನು ಬಿಡುವುದೇ ಮರೆತುಹೋದಾಗ. ಜೇಮ್ಸ್ ಗ್ರಾಸ್ ಅನ್ನುವವರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಭಾವನೆಯನ್ನು ಮುಖದ ಮೇಲೆ ತೋರಿಸದೆ ಅದುಮಿಟ್ಟರೆ ನೋಡುವವರಿಗೆ ಏನೂ ಕಾಣುವುದಿಲ್ಲ, ಸರಿ. ಆದರೆ ಒಳಗಿನ ನೋವು ಅದರಿಂದ ಕಡಿಮೆ ಆಗುವುದಿಲ್ಲ. ಹೃದಯ, ರಕ್ತನಾಳಗಳಿಗೆ ಕೆಲಸ ಇನ್ನೂ ಜಾಸ್ತಿ. ನಿಮ್ಮ ಮಗಳ ಅಂಕದ ವಿಷಯಕ್ಕೆ ಸಂಬಂಧಪಟ್ಟಿದ್ದು ಮುಂದಿನದು. ಅದುಮುವುದರಿಂದ ನೋವು ಕಡಿಮೆ ಆಗದಿದ್ದರೂ ಸಂತೋಷ ಮಾತ್ರ ಕಡಿಮೆ ಆಗುತ್ತದೆ. ಅದನ್ನೇ ರೂಢಿ ಮಾಡಿಕೊಂಡವರಲ್ಲಿ ಡಿಪ್ರೆಷನ್ ಲಕ್ಷಣಗಳೂ ಜಾಸ್ತಿ ಕಂಡವು.

ನ್ಯೂಯಾರ್ಕ್‌ನ ಅವಳಿ ಗೋಪುರಗಳ ಮೇಲೆ 2001ರಲ್ಲಿ ಉಗ್ರರ ದಾಳಿ ಆದಮೇಲೆ ಜಾರ್ಜ್ ಬೊನಾನೋ ಅನ್ನುವವರು ಅಲ್ಲಿನ ಕಾಲೇಜು ವಿದ್ಯಾರ್ಥಿಗಳನ್ನು ನೋಡಿದರು. ಬರೀ ತಡೆದುಕೊಳ್ಳುವವರೂ ಅಲ್ಲ, ಬರೀ ತೋರಿಸಿಕೊಳ್ಳುವವರೂ ಅಲ್ಲ, ಬೇಕಾದಾಗ ಅದುಮಲೂ ಬೇಕಾದಾಗ ತೋರಿಸಲೂ ಬರುವವರು ಮುಂದೆ ಹೆಚ್ಚು ಸುಧಾರಿಸಿಕೊಂಡಿದ್ದರು. ಮೊದಲನೆಯದು ನಿಮಗೆ ಚೆನ್ನಾಗಿ ಬರುತ್ತದೆ. ಎರಡನೆಯದಕ್ಕೆ ಜಾಗವೇ ಸಿಕ್ಕಲಿಲ್ಲ.

ಯಾಕೆ ಸಿಕ್ಕಲಿಲ್ಲ ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ಒತ್ತಡ ಬಂದಾಗ ಮನುಷ್ಯ ಮಾಡುವುದು ಮುಖ್ಯವಾಗಿ ಎರಡು ಥರ ಅಂತ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ವಿವರಿಸಿದರು. ಕಷ್ಟವನ್ನೇ ಸರಿ ಮಾಡಲು ಹೋಗುವುದು ಒಂದು. ಕಷ್ಟದಿಂದ ಮನಸ್ಸಿಗೆ ಆದದ್ದನ್ನು ನೋಡಿಕೊಳ್ಳುವುದು ಇನ್ನೊಂದು. ಕೈಗೆ ಸಿಗುವ ಕಷ್ಟಕ್ಕೆ ಮೊದಲನೆಯದು ಬೇಕು. ಸಾಲ ಅಂಥದ್ದು. ಕಬ್ಬಿನ ದುಡ್ಡೂ ಅಂಥದ್ದು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಸಾಲ ವಸೂಲಿಗೆ ಬಂದು ಮನೆ ಮುಂದೆ ಕಿರುಕುಳ ಕೊಡುವುದನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂತು. ಉಳಿದ ಕಾಲು ಭಾಗ ಸಾಲದ ವಿಷಯದಲ್ಲಿ ಯಾರಾದರೂ ಹೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು. ಇದನ್ನು ಹೇಳಲು ಮನಶ್ಶಾಸ್ತ್ರಜ್ಞೆ ಯಾಕೆ ಅಂತ ಅನಿಸಬಹುದು. ಹೊರಗಿನ ಕಷ್ಟ ಹಾಗೇ ಇರುವಾಗ 'ಮನಸ್ಸು ಗಟ್ಟಿ ಮಾಡ್ಕೊಳಮ್ಮ' ಅಂತ ಹೇಳಿ ಕಳಿಸುವುದು ಚಿಕಿತ್ಸೆಯಲ್ಲ.

ಆದರೆ ಮಾವನ ಸಾವು ಕೈಗೆ ಸಿಗುವ ಕಷ್ಟವಲ್ಲ. ಅದನ್ನು ಸರಿ ಮಾಡಲು ಆಗುವುದಿಲ್ಲ. ಅದಕ್ಕೆ ಅಳಬೇಕು, ನೆನೆಯಬೇಕು, ನಾಲ್ಕು ಜನರ ಹತ್ತಿರ ಹೇಳಬೇಕು. ನೀವು ಅದನ್ನೂ ಕೆಲಸದ ಹಾಗೇ ಮಾಡಿ ಮುಗಿಸಿದಿರಿ ಅಂತ ನನ್ನ ಊಹೆ. ಹನ್ನೊಂದನೇ ದಿನದ ತಿಥಿಗೆ ಎಷ್ಟು ಜನ, ಎಷ್ಟು ಅಕ್ಕಿ, ಯಾರಿಗೆ ಹೇಳುವುದು ಬಿಟ್ಟುಹೋಗಿದೆ, ಪಾತ್ರೆ ಎಲ್ಲಿಂದ ತರುವುದು. ಮನೆಯ ಸೊಸೆ ಅಳಲು ಕೂತರೆ ಒಲೆ ನೋಡುವವರು ಯಾರು?

'ಕಷ್ಟ ಕಳೆದ ಮೇಲೆ ಯಾಕೆ' ಅಂತ ಕೇಳಿದ್ದೀರಿ. ಕಷ್ಟ ಕಳೆಯಲಿಲ್ಲ, ಅದರ ಗಡಿಬಿಡಿ ಮಾತ್ರ ಕಳೆಯಿತು. ಲಂಡನ್ನಿನ ಕ್ಯಾಂಬರ್‌ವೆಲ್ ಅನ್ನುವ ಬಡಾವಣೆಯ ಹೆಂಗಸರ ಜೀವನವನ್ನು ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಮನೆ ಮನೆಗೆ ಹೋಗಿ ಕೇಳಿದ್ದರು. 1978ರಲ್ಲಿ ಅದು ಪ್ರಕಟವಾಯಿತು. ಡಿಪ್ರೆಷನ್ ಬಂದವರಲ್ಲಿ ಬಹಳಷ್ಟು ಜನಕ್ಕೆ ಅದಕ್ಕೆ ಮೊದಲು ಜೀವನದಲ್ಲಿ ದೊಡ್ಡ ಪೆಟ್ಟು ಬಿದ್ದಿತ್ತು. ಎಂಥ ಪೆಟ್ಟು ಜಾಸ್ತಿ ಕೆಡಿಸುತ್ತದೆ ಅಂತ ಮುಂದೆ ಇನ್ನೂ ಬಿಡಿಸಿ ನೋಡಿದಾಗ ಮೂರು ಎದ್ದು ಕಂಡವು. ಕಳೆದುಕೊಳ್ಳುವುದು, ಅವಮಾನ ಆಗುವುದು, ಹೊರಬರಲು ದಾರಿಯೇ ಇಲ್ಲದೆ ಸಿಕ್ಕಿಬೀಳುವುದು. ನಿಮಗೆ ಮೂರೂ ಒಟ್ಟಿಗೆ ಬಂದಿವೆ. ಮಾವ ಹೋದರು. ಊರವರ ಎದುರು ಬಾಗಿಲಲ್ಲಿ ಜನ ನಿಂತರು. ಎರಡು ವರ್ಷ ಕಾಲು ಕೀಳಲು ಆಗದ ಹಾಗೆ ಸಿಕ್ಕಿಕೊಂಡಿದ್ದಿರಿ. ಮನಸ್ಸಿನ ಗುಟ್ಟು ಹೇಳಿಕೊಳ್ಳಲು ಹತ್ತಿರದವರು ಒಬ್ಬರಿದ್ದ ಹೆಂಗಸರು ಇಂಥ ಪೆಟ್ಟನ್ನೂ ಹೆಚ್ಚು ತಡೆದುಕೊಂಡರು ಅಂತಲೂ ಅವರು ಕಂಡರು. ನಿಮ್ಮ ಪತ್ರದಲ್ಲಿ ನೀವು ಯಾರಿಗಾದರೂ ಏನಾದರೂ ಹೇಳಿಕೊಂಡ ಒಂದು ಸಾಲೂ ಇಲ್ಲ.

ಜೊತೆಗೆ ಇನ್ನೊಂದು ಆಗಿದೆ. ಎಂಟು ತಿಂಗಳು ನಿಮ್ಮ ದಿನಕ್ಕೆ ಒಂದು ಅಳತೆ ಇತ್ತು. ಮಗ್ಗುಲು ಬದಲಿಸುವುದು, ಮಾತ್ರೆ ಕೊಡುವುದು, ಗಂಜಿ, ಬಟ್ಟೆ. ಆ ಮಂಚ ಖಾಲಿಯಾದಾಗ ದಿನವೂ ಖಾಲಿಯಾಯಿತು. 'ನೀನಿಲ್ಲದಿದ್ರೆ ಏನ್ ಗತಿ' ಅನ್ನುತ್ತಿದ್ದ ಒಂದು ಬಾಯಿಯೂ ನಿಂತುಹೋಯಿತು.

ಬೆಳಗಿನ ಜಾವದ ಮೂರು ಗಂಟೆಗೆ ಬರೋಣ. ಅಷ್ಟು ಬೇಗ ಎಚ್ಚರವಾಗಿ ಮತ್ತೆ ನಿದ್ದೆ ಬರದಿರುವುದು ಡಿಪ್ರೆಷನ್ನಿನಲ್ಲಿ ತುಂಬಾ ಕಾಣುವ ಲಕ್ಷಣ. ಆಗ ತಲೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಸರಿಯಾದ ಪದವೇ ಇದೆ, ಮೆಲುಕು. ಹಸು ಕಟ್ಟಿದವರು ನೀವು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಸು ಮೆಲುಕು ಹಾಕಿದರೆ ಮೇವು ನುರಿದು ಜೀರ್ಣವಾಗುತ್ತದೆ, ಹಾಲಾಗುತ್ತದೆ. ಮನಸ್ಸು ಮೆಲುಕು ಹಾಕಿದರೆ ಹುಲ್ಲು ಹುಲ್ಲಾಗಿಯೇ ಇರುತ್ತದೆ, ದವಡೆ ಮಾತ್ರ ಸವೆಯುತ್ತದೆ. 'ಆವತ್ತು ಬೋರ್ ಕೊರೆಸದೇ ಇದ್ದಿದ್ದರೆ', 'ಅವರು ಹಾಗೆ ಅಂದಾಗ ನಾನ್ಯಾಕೆ ಸುಮ್ಮನಿದ್ದೆ', 'ನನಗೇ ಯಾಕೆ ಹೀಗೆ'. ಯೋಚನೆ ಮಾಡುತ್ತಿದ್ದೇನೆ, ಏನೋ ದಾರಿ ಸಿಗುತ್ತದೆ ಅಂತ ಅನಿಸುತ್ತಿರುತ್ತದೆ. ಸಿಗುವುದಿಲ್ಲ.

ಇದರ ಬಗ್ಗೆ ಸೂಸನ್ ನೋಲನ್ ಹೋಕ್ಸೆಮಾ ಮಾಡಿದ ಕೆಲಸ ದೊಡ್ಡದು. ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಗಳ ಮನಸ್ಥಿತಿಯನ್ನೂ, ಬೇಸರವಾದಾಗ ಅವರು ಏನು ಮಾಡುತ್ತಾರೆ ಅನ್ನುವುದನ್ನೂ ಬರೆಸಿಕೊಂಡಿದ್ದರು. ಎರಡು ವಾರಕ್ಕೆ, 1989ರ ಅಕ್ಟೋಬರ್ 17ರಂದು ಅಲ್ಲಿ ದೊಡ್ಡ ಭೂಕಂಪವಾಯಿತು. ಹತ್ತು ದಿನ ಬಿಟ್ಟು, ಮತ್ತೆ ಏಳು ವಾರ ಬಿಟ್ಟು ಅದೇ ವಿದ್ಯಾರ್ಥಿಗಳನ್ನು ಕೇಳಿದರು. ಮೊದಲೇ ಮೆಲುಕು ಹಾಕುವ ಅಭ್ಯಾಸ ಇದ್ದವರಲ್ಲಿ ಡಿಪ್ರೆಷನ್ ಲಕ್ಷಣ ಜಾಸ್ತಿ ಇತ್ತು. ಭೂಕಂಪಕ್ಕೆ ಮುಂಚೆ ಅವರ ಮನಸ್ಸು ಹೇಗಿತ್ತು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಹಾಗೇ ಬಂತು. ಭೂಮಿ ಎಲ್ಲರಿಗೂ ಒಟ್ಟಿಗೆ ನಡುಗಿತ್ತು.

ಯೋಚನೆ ಯಾವುದು, ಮೆಲುಕು ಯಾವುದು ಅಂತ ಹೇಗೆ ತಿಳಿಯುವುದು? ನಾನು ಹೇಳಿಕೊಡುವ ಒಂದು ಸುಲಭದ ಗುರುತಿದೆ. ಹತ್ತು ನಿಮಿಷ ಆದಮೇಲೆ 'ನಾಳೆ ಇಷ್ಟು ಮಾಡುತ್ತೇನೆ' ಅನ್ನುವ ಒಂದು ಕೆಲಸ ಹೊರಗೆ ಬಂದಿದ್ದರೆ ಅದು ಯೋಚನೆ. 'ಯಾಕೆ, ಯಾಕೆ' ಅಂತ ಮತ್ತೆ ಮೊದಲಿಗೇ ಬಂದು ನಿಂತಿದ್ದರೆ ಅದು ಮೆಲುಕು. ಮೆಲುಕು ಅಂತ ಗೊತ್ತಾದ ಕೂಡಲೇ ಹಾಸಿಗೆ ಬಿಟ್ಟು ಏಳಿ. ಅಂಗಳಕ್ಕೆ ಬಂದು ಕೂತರೂ ಸರಿ, ಅವರೆಕಾಯಿ ಸುಲಿದರೂ ಸರಿ. ಕೈಗೆ ಕೆಲಸ, ಕಣ್ಣಿಗೆ ಬೇರೆ ನೋಟ ಸಿಗಲಿ. ಫೋನ್ ಮಾತ್ರ ಹಿಡಿಯಬೇಡಿ. ನಿದ್ದೆ ಬಂದಾಗ ಮತ್ತೆ ಮಲಗಿ.

ಈಗ ಚಿಕಿತ್ಸೆ. ಮೊದಲು ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ, ಇವುಗಳಿಂದಲೂ ಇಂಥ ಸುಸ್ತು, ಮಂಕು ಬರುತ್ತದೆ. ಅವನ್ನು ರಕ್ತ ಪರೀಕ್ಷೆಯಲ್ಲಿ ನೋಡಿಸಬೇಕು. ಮನೋವೈದ್ಯರು ಮಂಡ್ಯದ ಮಿಮ್ಸ್‌ನಲ್ಲಿದ್ದಾರೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಿಗೇ ಮಂಗಳವಾರದಂದು ಮನೋವೈದ್ಯರು ಬರುವ 'ಮನೋಚೈತನ್ಯ' ಅನ್ನುವ ಕಾರ್ಯಕ್ರಮವೂ ರಾಜ್ಯದಲ್ಲಿದೆ. ನಿಮ್ಮ ಕಡೆ ಯಾವ ವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ವೈದ್ಯರು ಮಾತ್ರೆ ಕೊಟ್ಟರೆ ಹೆದರಬೇಡಿ. ಡಿಪ್ರೆಷನ್ನಿನ ಮಾತ್ರೆ ನಿದ್ದೆ ಮಾತ್ರೆಯಲ್ಲ, ಅದಕ್ಕೆ ಚಟ ಹತ್ತುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅಷ್ಟರೊಳಗೆ 'ಏನೂ ಆಗಲಿಲ್ಲ' ಅಂತ ಬಿಡಬೇಡಿ. ಗುಣವಾದ ಮೇಲೂ ಕಡಿಮೆ ಅಂದರೆ ಆರು ತಿಂಗಳು ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವಾಗ ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ ನಿಲ್ಲಿಸಬೇಕು. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 20 ಜನರಲ್ಲಿ ಒಬ್ಬರಿಗೆ ಡಿಪ್ರೆಷನ್ ಬರುತ್ತದೆ. ಬಂದವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಬಾಗಿಲಿಗೇ ಬರುವುದಿಲ್ಲ.

ಮಾತಿನ ಚಿಕಿತ್ಸೆಯಲ್ಲಿ ನಿಮಗೆ ಹೊಂದುವುದು ಒಂದಿದೆ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಅವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಸುಮಾರು 500 ಜನರಲ್ಲಿ ಇದನ್ನು ಮಾಡಿ ನೋಡಿ, 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಚಿಕಿತ್ಸೆ ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು. ಆರರಿಂದ ಎಂಟು ಭೇಟಿ, ಅಷ್ಟೇ. ತೀವ್ರ ಡಿಪ್ರೆಷನ್ ಇದ್ದವರೂ ಅದರಿಂದ ಸುಧಾರಿಸಿಕೊಂಡರು. ಅದರ ಒಳಗಿನ ವಿಷಯ ಸರಳ. ನಾವು 'ಮನಸ್ಸು ಬಂದಾಗ ಮಾಡೋಣ' ಅಂತ ಕಾಯುತ್ತೇವೆ. ಡಿಪ್ರೆಷನ್ನಿನಲ್ಲಿ ಮನಸ್ಸು ಬರುವುದೇ ಇಲ್ಲ. ಅದಕ್ಕೇ ಕೆಲಸವನ್ನು ಮೊದಲು ಮಾಡುವುದು, ಮನಸ್ಸು ಹಿಂದಿನಿಂದ ಬರುತ್ತದೆ.

ಹಾಗಂತ ನಾಳೆಯೇ ಮದುವೆ ಮನೆಗೆ ಹೋಗಿ ಹಾಡಿ ಅನ್ನುವುದಿಲ್ಲ. ಅದು ದೊಡ್ಡ ಮೆಟ್ಟಿಲು. ಈ ವಾರ ಒಬ್ಬರೇ ಇರುವಾಗ, ಹಾಲು ಕರೆಯುವ ಹೊತ್ತಿಗೆ, ಒಂದು ಪದದ ಎರಡು ಸಾಲು ಹೇಳಿ. ಖುಷಿ ಆಗಬೇಕು ಅಂತಿಲ್ಲ. ಮೊದಲ ದಿನ ಮರದ ಹಾಗೇ ಇರುತ್ತದೆ, ಧ್ವನಿಯೂ ಏಳುವುದಿಲ್ಲ. ಆದರೂ ಹೇಳಿ, ಮಾರನೇ ದಿನವೂ ಅದೇ ಹೊತ್ತಿಗೆ ಹೇಳಿ. ಮುಂದಿನ ವಾರ ನಾದಿನಿಯನ್ನು ಕೂರಿಸಿಕೊಂಡು ಹೇಳಿ. ಮದುವೆ ಮನೆ ಆಮೇಲೆ. ನಡುವೆ ಯಾವುದಾದರೂ ಪದಕ್ಕೆ ಗಂಟಲು ಕಟ್ಟಿಕೊಂಡರೆ ತಡೆಯಬೇಡಿ. ಅದು ನೀವು ಹಾಳಾಗುತ್ತಿರುವ ಗುರುತಲ್ಲ, ಒಳಗೆ ಏನೋ ಅಲುಗಾಡಿದ ಗುರುತು.

ನಿಮ್ಮ ಯಜಮಾನರಿಗೆ ಒಂದು ಮಾತು. ಇದನ್ನು ಅವರಿಗೂ ಓದಿ ಹೇಳಿ. ಹೆಂಡತಿ ಹೇಳಿಕೊಳ್ಳುವಾಗ 'ಅದೆಲ್ಲ ಯೋಚ್ನೆ ಮಾಡ್ಬೇಡ, ದೇವರಿದ್ದಾನೆ' ಅಂತ ನಡುವೆ ನಿಲ್ಲಿಸಬೇಡಿ. ಪೂರ್ತಿ ಕೇಳಿ. ಪರಿಹಾರ ಹೇಳಬೇಕಾಗಿಲ್ಲ. ಅದೇ ಬೋರ್, ಅದೇ ಸಾಲ, ಅದೇ ಸಾವು ನಿಮಗೂ ಆಗಿದೆ, ಹೋದವರು ನಿಮ್ಮ ಅಪ್ಪ. ನಿಮಗೂ ನಿದ್ದೆ ಕೆಟ್ಟಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಆಸ್ಪತ್ರೆಗೆ ಹೋದ ದಿನ ನೀವೂ ತೋರಿಸಿಕೊಂಡು ಬನ್ನಿ.

ನೋಡಮ್ಮ, ಡಾಕ್ಟರ್ ಎದುರು ಕೂತಾಗ ಬಾಯಿ ಕಟ್ಟಿದ ಹಾಗಾಗಿ ಮತ್ತೆ 'ಹೊಟ್ಟೆ ಉರಿ' ಅಂದುಬಿಟ್ಟೀರಿ. ನನಗೆ ಬರೆದ ಪತ್ರವನ್ನೇ ಒಂದು ಹಾಳೆಗೆ ಬರೆದುಕೊಂಡು ಹೋಗಿ, ಅವರ ಕೈಗೆ ಕೊಡಿ. ಕೊನೆಯ ಸಾಲನ್ನು ಬಿಡಬೇಡಿ.